ಇನಾಮದಾರ ಮೇಡಂ ಮತ್ತು ಶ್ರಾವಣಿಯ ಎಡಗಣ್ಣು

ಇನಾಮದಾರ ಮೇಡಂ ನಮ್ಮನ್ನು ‘ಲೇ’ ಎಂದು ಕರೆಯುತ್ತಿರುವ ತನಕ ಯಾರಿಗೂ ಭಯವಿರಲಿಲ್ಲ. ‘ಲೇ ಪರಸ್ಯಾ, ಎಮ್ಮಿ ಹಂಗ ಯಾಕ ನಿಂತೀಲೇ’ ಎಂದರೆ ಅವರ ಮನಸ್ಸು ತಂಪಾಗಿದೆ, ಮುಂಜಾನೆಯ ಚಹಾ ಕೈಕೊಟ್ಟಿಲ್ಲ ಎಂದು ಅರ್ಥ. ಸಿಟ್ಟು ಏರಿದಂತೆ ಅವರ ಮಾತಿನಲ್ಲಿ ಮರ್ಯಾದೆಯೂ ಏರುತ್ತಿತ್ತು. ‘ನೀನು’ ಹೋಗಿ ‘ನೀವು’ ಬರುತ್ತಿತ್ತು. ‘ತಾವು’ ಬಂತೆಂದರೆ ಹಿಂದಿನ ಬೆಂಚಿನವರು ಬಾಗಿಲ ಕಡೆ ಸರಿಯುತ್ತಿದ್ದರು. ‘ಪರಶುರಾಮ ಅವರ, ತಾವು ಈ ಲ್ಯಾಬಿನಿಂದ ಹೊರಗ ದಯಮಾಡಸಬೇಕ್ರಿ’ ಎಂದು ಒಮ್ಮೆ ನನಗೇ ಹೇಳಿದ್ದರು. ಅಷ್ಟು ಮರ್ಯಾದೆ ನನಗೆ ನಮ್ಮ ಮನೆತನದಲ್ಲಿ ಯಾರೂ ಕೊಟ್ಟಿರಲಿಲ್ಲ. ವಾರವಿಡೀ ಮೈ ಉರಿಯುತ್ತಿತ್ತು.

ವಿಜಯಪುರದ ಒಂದು ಖಾಸಗಿ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಈ ಅತಿಥಿಗೆ ಕಾಲೇಜು ಕೂಡಲು ಒಂದು ಕುರ್ಚಿಯನ್ನೂ ಕೊಟ್ಟಿರಲಿಲ್ಲ. ಲ್ಯಾಬಿನ ಸ್ಟೂಲೇ ಅವರ ಆಸ್ಥಾನ. ಊರು ಬಬಲೇಶ್ವರ, ಬಾಡಿಗೆ ಕೋಣೆ ಜಲನಗರದಲ್ಲಿ, ನಮ್ಮ ಮನೆಯ ಹಿಂದಿನ ಸಾಲಿನಲ್ಲಿ. ಗಿಡ್ಡ ಆಳು, ಸೀರೆಯ ಕೆಳಗೆ ಓಟದ ಬೂಟು, ಹಾರ್ನ್ ಇಲ್ಲದ ಸ್ಕೂಟಿ. ಹಾರ್ನಿನ ಕೆಲಸವನ್ನು ಸ್ವಂತ ಗಂಟಲಿನಿಂದ ಮಾಡುತ್ತಿದ್ದರು. ಕೋಳಿಮರಿಯ ಮೆದುಳು ತತ್ತಿಯೊಳಗೆ ಹೇಗೆ ಹೆಣೆದುಕೊಳ್ಳುತ್ತದೆ ಎಂಬುದರ ಮೇಲೆ ಡಾಕ್ಟರೇಟ್ ಮಾಡಿದ್ದರು. ನಮ್ಮ ಕಾಲೇಜಿನಲ್ಲಿ ಇದನ್ನು ಹೇಳಿದರೆ ಕೇಳಿದವರು ಮೊದಲು ಕೋಳಿಯ ರೇಟು ವಿಚಾರಿಸುತ್ತಿದ್ದರು.

ತತ್ತಿಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು ನಮಗೆ ಒಳಗಿನದನ್ನು ತೋರಿಸಿದ್ದು ಅವರೇ. ಕೆಂಪು ಎಳೆಗಳ ನಡುವೆ ಚುಕ್ಕೆಯಂಥ ಹೃದಯ ಮಿಡಿಯುತ್ತಿತ್ತು.

‘ಉಸಿರು ಬಿಗಿಹಿಡದು ನೋಡ್ರಲೇ. ಇದಕ್ಕಿನ್ನೂ ರೆಕ್ಕಿ ಇಲ್ಲ, ಕೊಕ್ಕ ಇಲ್ಲ. ಆದ್ರ ತಲಿಯೊಳಗ ಕೆಲಸ ಶುರು ಆಗ್ಯಾವ. ಒಂದೊಂದು ನರಕೋಶ ತನ್ನ ಎಳಿ ಚಾಚಿ ಹಾದಿ ಹುಡಕಾಕತ್ತದ. ಕಣ್ಣಿಂದು ಕಣ್ಣಿನ ಜಾಗಾಕ್ಕ ಹೋಗಬೇಕು, ಕಿವಿದು ಕಿವಿ ಜಾಗಾಕ್ಕ.’

‘ಹಾದಿ ತಪ್ಪಿದ್ರರಿ ಮೇಡಂ?’ ಎಂದೆ.

‘ತಪ್ಪಿದ್ರ ನಿನ್ನಂಥದು ಹುಟ್ಟತದ. ಕುಂದರ್ಲೇ.’

ಇನ್ನೊಂದು ದಿನ ಸೂಕ್ಷ್ಮದರ್ಶಕದ ಕೆಳಗೆ ಕರಿ ಬಣ್ಣ ಕುಡಿದ ಒಂದೇ ಒಂದು ನರಕೋಶ ತೋರಿಸಿದರು. ‘ಜಾಲಿಗಿಡ ಇದ್ದಂಗ ಅದರಿ’ ಎಂದು ಒಬ್ಬ ಹೇಳಿದ. ‘ಹೌದು, ಆದ್ರ ಈ ಗಿಡಾ ಒಂಟಿ ನಿಂತ್ರ ಬರೇ ಕಟಗಿ. ಇದರ ತುದಿಯಿಂದ ಇನ್ನೊಂದಕ್ಕ ಸುದ್ದಿ ದಾಟಬೇಕು, ಅದರಿಂದ ಮತ್ತೊಂದಕ್ಕ. ದಾಟಿ ದಾಟಿ ಹಾದಿ ಗಟ್ಟಿ ಆಗ್ತದ. ಯಾರೂ ದಾಟದ ಹಾದಿ ಮುಚ್ಚಿ ಹೋಗ್ತದ’ ಎಂದರು. ಅದನ್ನೇ ಪರೀಕ್ಷೆಯಲ್ಲಿ ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂದು ಕೇಳಿದಾಗ ಅವರಿಗೆ ವಿಪರೀತ ಸಿಟ್ಟು ಬಂದಿತ್ತು. ‘ಜೀವಂತ ಇದ್ದದ್ದನ್ನ ರಂಗೋಲಿ ಮಾಡಿ ಇಟ್ಟಾರ ನೋಡು!’

ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಮಕ್ಕಳ ಬುದ್ಧಿ ಚುರುಕು ಮಾಡುವ ಪುಡಿ ಮಾರಲು ಇಟ್ಟಿದ್ದರು. ಡಬ್ಬಿಯ ಮೇಲೆ ಮೆದುಳಿನ ಚಿತ್ರ. ಅದರಲ್ಲಿ ಒಂದು ಬಲ್ಬು. ಮೇಡಂ ಒಳಗೆ ಹೋಗಿ, ‘ತಾವು ಇದನ್ನ ತಿಂತೀರೇನ್ರಿ?’ ಎಂದು ಅಂಗಡಿಯವನನ್ನು ಕೇಳಿದರು. ‘ದಿನಾ ತಪ್ಪದ ತಿಂತೇನ್ರಿ’ ಎಂದ ಆತ, ಎದೆಯುಬ್ಬಿಸಿ. ‘ಹಂಗಾರ ಇದು ಕೆಲಸ ಮಾಡೂದಿಲ್ಲ ಅನ್ನೂದು ಗ್ಯಾರಂಟಿ ಆತು’ ಎಂದು ಹೊರಗೆ ಬಂದರು. ಇದನ್ನು ನಾನು ಇಬ್ಬರ ದನಿಯಲ್ಲೂ ಕಾಲೇಜಿನ ತುಂಬ ಮಾಡಿ ತೋರಿಸಿದೆ.

ಅಣಕ ನನ್ನ ಏಕೈಕ ವಿದ್ಯೆ. ಪಾಸಾದ ವಿಷಯಗಳಿಗಿಂತ ಪ್ರಿನ್ಸಿಪಾಲರ ಕೆಮ್ಮಿನಿಂದಲೇ ನಾನು ಹೆಸರುವಾಸಿ. ಒಂದು ಬಿಡುವಿನ ಪೀರಿಯಡ್ಡಿನಲ್ಲಿ ನನ್ನ ಅಕ್ಕನ ಮಗಳು ಶ್ರಾವಣಿಯನ್ನು ಮಾಡಿ ತೋರಿಸುತ್ತಿದ್ದೆ. ಬಿಜ್ಜರಗಿಯಲ್ಲಿ ಗೀತಕ್ಕನ ಗಂಡನ ಮನೆ. ಶ್ರಾವಣಿ ಇನ್ನೂ ಅಂಗನವಾಡಿಯ ಕೂಸು. ಎಡಗಣ್ಣು ಮೂಗಿನ ಕಡೆ ವಾಲಿದೆ. ನಾನು ಎಡಗಣ್ಣು ವಾಲಿಸಿ, ತಲೆ ಓರೆ ಮಾಡಿ, ಅವಳು ಕಣ್ಣಾಮುಚ್ಚಾಲೆ ಆಡುವುದನ್ನು ತೋರಿಸಿದೆ. ಎಡಗಣ್ಣು ಮುಚ್ಚಿದರೆ ಸುಮ್ಮನೆ ನಗುತ್ತಾಳೆ. ಬಲಗಣ್ಣು ಮುಚ್ಚಿದರೆ ಮಾತ್ರ ಕೈ ಕಿತ್ತೆಸೆದು, ‘ಬಿಡೋ ಮಾಮಾ, ಕತ್ತಲ ಆತು!’ ಎಂದು ಚೀರುತ್ತಾಳೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಬಾಗಿಲಲ್ಲಿ ಮೇಡಂ ನಿಂತಿದ್ದರು. ಅವರು ನಗುತ್ತಿರಲಿಲ್ಲ.

‘ಪರಶುರಾಮ ಅವರ, ಆ ಕೂಸು ಯಾರದು?’

ಹೇಳಿದೆ.

‘ಎಡಗಣ್ಣು ಮುಚ್ಚಿದ್ರ ನಗ್ತಾಳ, ಬಲಗಣ್ಣು ಮುಚ್ಚಿದ್ರ ಅಳ್ತಾಳ. ಇದನ್ನ ಕಂಡೂ ತಾವು ಬರೇ ಚ್ಯಾಷ್ಟಿ ಮಾಡಾಕತ್ತೀರಿ?’

ಮರುದಿನವೇ ಸ್ಕೂಟಿಯ ಹಿಂದೆ ನನ್ನನ್ನು ಕೂರಿಸಿಕೊಂಡು ಬಿಜ್ಜರಗಿಗೆಂದು ಟಿಕೋಟಾ ದಾರಿ ಹಿಡಿದರು. ದಾರಿಯುದ್ದಕ್ಕೂ ಗಾಳಿಗೆ ಎದುರಾಗಿ ಕೂಗುತ್ತ ಪಾಠ ಮಾಡಿದರು. ಎರಡೂ ಕಣ್ಣಿನ ಸುದ್ದಿ ಹೊತ್ತ ಎಳೆಗಳು ಮೆದುಳಿನ ಹಿಂಭಾಗದಲ್ಲಿ ಜಾಗಕ್ಕಾಗಿ ಜಗಳಾಡುತ್ತವೆ. ಸಣ್ಣ ವಯಸ್ಸಿನಲ್ಲಿ ಯಾವ ಕಣ್ಣಿನಿಂದ ಸ್ಪಷ್ಟವಾಗಿ ಸುದ್ದಿ ಬರುತ್ತದೋ ಅದು ಜಾಗ ಹಿಡಿಯುತ್ತದೆ. ಇನ್ನೊಂದರ ಎಳೆಗಳು ಹಿಂದೆ ಸರಿಯುತ್ತವೆ. ‘ಬೆಕ್ಕಿನ ಮರಿಗೋಳ ಮ್ಯಾಲ ಇದನ್ನ ನೋಡ್ಯಾರಲೇ. ಮರಿ ಸಣ್ಣದಿದ್ದಾಗ ಒಂದು ಕಣ್ಣು ಮುಚ್ಚಿಟ್ಟು, ಆಮ್ಯಾಲ ತೆರದ್ರು. ಕಣ್ಣು ಛಲೋನ ಇತ್ತು. ಮೆದುಳು ಅದರ ಮಾತ ಕೇಳಲಿಲ್ಲ. ದೊಡ್ಡ ಬೆಕ್ಕಿಂದು ಅಷ್ಟ ದಿನಾ ಮುಚ್ಚಿದ್ರ ಏನೂ ಆಗಲಿಲ್ಲ. ಆ ಮರಿಗೋಳ ಸಲುವಾಗಿನೂ ನನಗ ಸಿಟ್ಟು ಬರ್ತದ. ಅವು ಕಣ್ಣು ಕೊಟ್ಟು ಹೇಳಿದ್ದನ್ನ ನಾವು ಕೇಳೂದಿಲ್ಲ ಅಂದ್ರ ಇನ್ನೂ ಸಿಟ್ಟು ಬರ್ತದ.’

ಬಿಜ್ಜರಗಿಯಲ್ಲಿ ಸಿಟ್ಟಿಗೆ ಬೇಕಾದಷ್ಟು ಸಾಮಗ್ರಿ ಕಾದಿತ್ತು. ಗೀತಕ್ಕನ ಮಾವ ಮಲಕಾಜಪ್ಪ ಒಳ್ಳೆಯ ಮನುಷ್ಯರೇ. ಬಂದವರಿಗೆ ಮನೂಕ ಎನ್ನುವ ಒಣದ್ರಾಕ್ಷಿ, ಮಜ್ಜಿಗೆ ಕೊಡದೆ ಮಾತು ಶುರು ಮಾಡುವವರಲ್ಲ. ಆದರೆ ಆ ಮನೆಯಲ್ಲಿ ಶ್ರಾವಣಿಯ ವಾಲುಗಣ್ಣು ಲಕ್ಷ್ಮೀ ಕಣ್ಣು. ಅವಳು ಹುಟ್ಟಿದ ವರ್ಷ ಬೋರಿಗೆ ನೀರು ಬಿದ್ದಿತ್ತು, ದ್ರಾಕ್ಷಿಗೆ ಬೆಲೆ ಬಂದಿತ್ತು. ಅಂದಿನಿಂದ ದ್ರಾಕ್ಷಿಯ ಮೊದಲ ಗೊಂಚಲು ಕತ್ತರಿಸುವ ಮುನ್ನ ಅವಳನ್ನು ಬಳ್ಳಿಯ ಮುಂದೆ ನಿಲ್ಲಿಸುತ್ತಿದ್ದರು. ನೆರೆಯವರು ಹೊಸ ಟ್ರ್ಯಾಕ್ಟರ್ ತಂದರೆ, ಕುರಿ ಕೊಂಡರೆ, ‘ಒಂದೀಟು ಕೂಸಿನ್ನ ಕಳಸ್ರಿ, ನೋಡಿ ಹೋಗಲಿ’ ಎಂದು ಎರವಲು ಕೇಳುತ್ತಿದ್ದರು. ಸ್ಟೇಷನ್ ರಸ್ತೆಯಲ್ಲಿ ಅವರ ಸಂಬಂಧಿಕರ ಮೊಬೈಲ್ ಅಂಗಡಿಯ ಶಟರ್ ಎತ್ತಿದಾಗ ಮೊದಲು ಒಳಗೆ ನೋಡಿದ್ದೂ ಇವಳೇ.

‘ತಂಗೆವ್ವಾ, ದೇವರು ಕೊಟ್ಟ ಭಾಗ್ಯಾ ಐತಿ. ಅದಕ್ಯಾಕ ದವಾಖಾನಿ?’ ಎಂದರು ಮಲಕಾಜಪ್ಪ.

‘ಯಜಮಾನ್ರ, ಊರಿಗೂರ ಈ ಕೂಸಿನ ಮುಂದ ತಂದು ನಿಲ್ಲಸ್ತೀರಿ. ಆಕಿಗೆ ಏನು ಕಾಣ್ತದ ಅಂತ ಯಾರರ ಕೇಳೀರೇನು?’

ಮೇಡಂ ತಟ್ಟೆಯಲ್ಲಿ ನಾಲ್ಕು ಮನೂಕ ಇಟ್ಟು, ಶ್ರಾವಣಿಯ ಬಲಗಣ್ಣಿಗೆ ಅಂಗೈ ಹಿಡಿದರು. ಅವಳ ಬೆರಳು ತಟ್ಟೆಯ ಮೇಲೆಲ್ಲ ತಡಕಾಡಿತು. ಎರಡು ಮನೂಕ ಉರುಳಿ ಕೆಳಗೆ ಬಿದ್ದವು. ಆಮೇಲೆ ಅಳು. ಬಾಗಿಲ ಹಿಂದೆ ನಿಂತಿದ್ದ ಗೀತಕ್ಕ ಇದನ್ನು ನೋಡಿದಳು.

‘ಹೊಸಬರನ್ನ ಕಂಡು ಹೆದರ್ಯಾಳ್ರಿ’ ಎಂದರು ಮಲಕಾಜಪ್ಪ. ‘ದೊಡ್ಡಾಕಿ ಆಗಲಿ, ಲಗ್ನದ ಹೊತ್ತಿಗೆ ನೋಡೂಣು.’

‘ಬಳ್ಳಿ ಕತ್ತರಿಸೂ ಹೊತ್ತು ತಪ್ಪಿದ್ರ ಲಗ್ನದ ಹೊತ್ತಿಗೆ ನೋಡೂಣು ಅಂತ ಬಿಡ್ತೀರೇನ್ರಿ ತಾವು? ತಲಿಯೊಳಗಿನ ಹಾದಿಗೂ ಒಂದು ಹೊತ್ತು ಅದರಿ. ಅದು ದಾಟಿ ಹೋಗಾಕತ್ತದ.’

ಮಲಕಾಜಪ್ಪ ಅವರನ್ನು ಮರುಕದಿಂದ ನೋಡಿದರು. ‘ತಂಗೆವ್ವಾ, ಸಣ್ಣಂದ್ರಾಗ ನಿಮಗೂ ಹಿಂಗ ಆಗಿತ್ತೇನ?’

‘ಯಾಕ್ರಿ? ನನಗ ಆಗಿದ್ರಷ್ಟ ನನಗ ಸಿಟ್ಟು ಬರಬೇಕೇನು?’

ಮಜ್ಜಿಗೆ ಮುಟ್ಟದೆ ಎದ್ದು ಬಂದೆವು. ನಾನು ಮಾತ್ರ ಎರಡು ಲೋಟ ಕುಡಿದಿದ್ದೆ.

ನಾಗರ ಪಂಚಮಿಗೆ ಗೀತಕ್ಕ ತವರಿಗೆ ಬಂದಳು. ಉಂಡಿ ತಿಂದು ಜೋಕಾಲಿ ಆಡಬೇಕಾದವಳು ಬಂದ ಮರುದಿನವೇ ಹಿಂದಿನ ಸಾಲಿಗೆ ಹೋಗಿ ಮೇಡಂ ಕೋಣೆಯ ಬಾಗಿಲು ಬಡಿದಳು. ಇಬ್ಬರೂ ಕೂಸನ್ನು ಕರೆದೊಯ್ದಾಗ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಮೇಡಂ ಹೇಳಿದ್ದನ್ನೇ ಹೇಳಿದರು. ದಪ್ಪ ಗಾಜಿನ ಚಷ್ಮಾ ಕೊಟ್ಟರು; ದಿನಕ್ಕೆ ಕೆಲವು ತಾಸು ಬಲಗಣ್ಣಿಗೆ ಪಟ್ಟಿ ಅಂಟಿಸಬೇಕು, ಆಗ ಸೋಮಾರಿ ಎಡಗಣ್ಣು ದುಡಿಯುತ್ತದೆ ಎಂದರು. ‘ಸೋಮಾರಿ ಕಣ್ಣಲ್ರಿ’ ಎಂದು ಮೇಡಂ ಅಲ್ಲಿಯೂ ತಕರಾರು ತೆಗೆದರು. ‘ಆ ಕಣ್ಣು ದಿನಾ ಬಾಗಿಲಾ ಬಡ್ಯಾಕತ್ತದ. ಒಳಗಿನವ್ರು ತಗ್ಯಾಕತ್ತಿಲ್ಲ.’ ಡಾಕ್ಟರು ನಕ್ಕರು. ಸಂಜೆಗಳಲ್ಲಿ ಮೇಡಂ ನಮ್ಮ ಮನೆಯ ನೆಲದ ಮೇಲೆ ಕೂತು ಶ್ರಾವಣಿಯಿಂದ ಅಕ್ಕಿಯೊಳಗಿನ ತೊಗರಿಕಾಳು ಹೆಕ್ಕಿಸುತ್ತಿದ್ದರು. ಅವಳು ಪಟ್ಟಿ ಕೀಳುತ್ತಿದ್ದಳು, ಇವರು ಮತ್ತೆ ಅಂಟಿಸುತ್ತಿದ್ದರು. ಇಬ್ಬರ ಬೈಗುಳದಲ್ಲಿ ಯಾರದು ಜೋರು ಎಂದು ನಾನು ತೀರ್ಪು ಹೇಳುತ್ತಿದ್ದೆ.

ಅಕ್ಕನನ್ನು ಬಿಜ್ಜರಗಿಗೆ ಬಿಡಲು ಮೇಡಮ್ಮೂ ಬಂದರು. ಮಾತಾಡಿ ಒಪ್ಪಿಸುತ್ತೇನೆ ಎಂಬ ಹಟ. ಪಟ್ಟಿ ಕಂಡದ್ದೇ ಮಲಕಾಜಪ್ಪ ಕೂಗಿದರು: ‘ಕೂಸಿನ ಕಣ್ಣು ಮುಚ್ಚೀರಲ್ಲೋ!’

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಗೀತಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು: ‘ಲಕ್ಷ್ಮೀ ಕಣ್ಣು ತೆರದೈತ್ರಿ ಮಾವಾರ. ಮುಚ್ಚಿದ್ದು ಸಾದಾ ಕಣ್ಣು. ಈಗ ತಾಸುಗಟ್ಟಲೆ ಬರೇ ಲಕ್ಷ್ಮೀ ಕಣ್ಣಿಲೇ ನೋಡ್ತಾಳ.’

ಮಲಕಾಜಪ್ಪ ಬಗ್ಗಿ ಪಟ್ಟಿಯನ್ನು ನೋಡಿದರು. ‘ಹಂಗೇನು?’ ಎಂದವರೇ ಮೊಮ್ಮಗಳ ಕೈ ಹಿಡಿದು ದ್ರಾಕ್ಷಿ ತೋಟದ ಕಡೆ ನಡೆದರು.

ಹಿಂದಿರುಗುವಾಗ ನಾನು ಅಕ್ಕನ ತಲೆಯನ್ನು ಹೊಗಳಿ, ಮಾವಾರ ಮುಖ ಮಾಡಿ ನಗುತ್ತಿದ್ದೆ. ಟಿಕೋಟಾದಲ್ಲಿ ಸ್ಕೂಟಿ ನಿಂತಿತು. ‘ತಾವು ಇಳೀರಿ’ ಎಂದರು. ಇಳಿದೆ. ನನ್ನನ್ನು ಅಲ್ಲಿಯೇ ಬಿಟ್ಟು ಹೋಗಿಯೇಬಿಟ್ಟರು. ನಾನು ಬಸ್ಸಿನಲ್ಲಿ ನಿಂತುಕೊಂಡು ಬಂದೆ. ಮರುದಿನ ಲ್ಯಾಬಿನಲ್ಲಿ ಮುಖ ನೋಡದೆ ಹೇಳಿದರು: ‘ಆ ಹುಡುಗಿಗೆ ಬ್ಯಾರೆ ಹಾದಿ ಇದ್ದಿಲ್ಲ, ಅದಕ್ಕ ಹಂಗ ಅಂದಳು. ಸೊಸಿ ತನ್ನ ಮಗಳ ಕಣ್ಣು ಉಳಿಸ್ಕೊಳ್ಳಾಕ ಸುಳ್ಳು ಹೇಳಬೇಕು ಅಂದ್ರ, ಅದು ನಗೂ ಮಾತೇನಲೇ?’

ಸುಳ್ಳು ಹೆಚ್ಚು ದಿನ ನಿಲ್ಲಲೂ ಇಲ್ಲ. ಚಷ್ಮಾ ಹಾಕಿದಾಗ ಎಡಗಣ್ಣು ನೆಟ್ಟಗೆ ಕೂಡತೊಡಗಿತು. ಡಾಕ್ಟರಿಗೆ ಖುಷಿ, ಬಿಜ್ಜರಗಿಯಲ್ಲಿ ಸೂತಕ. ಅದೇ ಹೊತ್ತಿಗೆ ದ್ರಾಕ್ಷಿಯ ಬೆಲೆ ಇಳಿಯಿತು. ಬೆಲೆ ಮಾರುಕಟ್ಟೆಯಲ್ಲಿ ಇಳಿದಿತ್ತು, ಸುತ್ತಲ ಊರುಗಳಿಗೆಲ್ಲ ಇಳಿದಿತ್ತು. ತಪ್ಪು ಮಾತ್ರ ಒಂದು ಕೂಸಿನ ಚಷ್ಮಾಕ್ಕೆ ಬಂತು. ಟ್ರ್ಯಾಕ್ಟರಿನವರು, ಕುರಿಯವರು ಕೂಡ ಬಂದು ‘ನೆಟ್ಟಗ ಮಾಡಿ ಕೆಡಿಸಿದ್ರಿ’ ಎಂದು ಹೇಳಿ ಹೋದರಂತೆ. ಮಲಕಾಜಪ್ಪನವರ ಒಬ್ಬ ಸಂಬಂಧಿಕರು ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದರು. ಮಂದಿಯ ಮನೆತನದೊಳಗೆ ಕೈ ಹಾಕುವ ಮೇಡಂ ಎಂಬ ಮಾತು ಅವರ ಕಿವಿಗೆ ಬಿತ್ತು. ಕಾಲೇಜಿನ ಹೊಸ ವರ್ಷ ಶುರುವಾದಾಗ ಇನಾಮದಾರ ಮೇಡಂಗೆ ಕರೆ ಬರಲಿಲ್ಲ. ‘ವರ್ಕ್‌ಲೋಡ್ ಇಲ್ಲ’ ಎಂದರು ಪ್ರಿನ್ಸಿಪಾಲರು. ನಮ್ಮ ಪ್ರಾಣಿಶಾಸ್ತ್ರದ ಪೀರಿಯಡ್ಡುಗಳು ಟೈಮ್‌ಟೇಬಲ್ಲಿನಲ್ಲಿ ಹಾಗೆಯೇ ಇದ್ದವು. ಕಲಿಸುವವರು ಇರಲಿಲ್ಲ. ವಿದ್ಯಾರ್ಥಿಗಳು ಖುಷಿಯಿಂದ ಕ್ಯಾಂಟೀನಿಗೆ ಹೋದರು. ಕಾರಣ ಕೇಳಲು ಹೋದವನಿಗೆ, ಅಂದರೆ ನನಗೆ, ‘ನಿನಗ್ಯಾಕ ಇಲ್ಲದ ಉಸಾಬರಿ’ ಎಂಬ ಉತ್ತರ ಸಿಕ್ಕಿತು. ಆ ದನಿಯನ್ನು ಹಾಗೆಯೇ ಮಾಡಿ ತೋರಿಸಬಲ್ಲೆ. ಮಾಡಿದರೆ ಈಗ ಯಾರಿಗೂ ನಗು ಬರುವುದಿಲ್ಲ, ನನಗಂತೂ ಇಲ್ಲ.

ಕೋಣೆ ಖಾಲಿ ಮಾಡಿ ಬಬಲೇಶ್ವರದ ಅಣ್ಣನ ಮನೆಗೆ ಹೊರಟ ದಿನ ಸಾಮಾನನ್ನು ಟೆಂಪೋಗೆ ಏರಿಸಲು ನಾನು ಹೋಗಿದ್ದೆ. ಸಾಮಾನೆಂದರೆ ಒಂದು ಗಾದಿ, ಗ್ಯಾಸ್ ಒಲೆ, ಉಳಿದದ್ದೆಲ್ಲ ಗಾಜಿನ ಸ್ಲೈಡು. ‘ಲೇ, ಅದರೊಳಗ ಮೆದುಳು ಅದಾವ, ನಿನ್ನ ತಲಿ ಹಂಗ ಅಳ್ಳಾಡಸಬ್ಯಾಡ’ ಎನ್ನುತ್ತಿದ್ದಾಗ ಗೀತಕ್ಕ ಬಂದಳು, ಶ್ರಾವಣಿಯ ಕೈ ಹಿಡಿದು. ಕೂಸಿಗೆ ಚಷ್ಮಾ, ಬಲಗಣ್ಣಿಗೆ ಪಟ್ಟಿ.

‘ಚಷ್ಮಾ ತಗದು ಬಾ, ಇಲ್ಲಂದ್ರ ತವರಮನ್ಯಾಗ ಇರು ಅಂದಾರ್ರಿ ಮಾವಾರು’ ಎಂದಳು ಅಕ್ಕ. ‘ನನ್ನ ಸಲುವಾಗಿ ನಿಮ್ಮ ಕೆಲಸಾನೂ ಹೋತು.’

‘ನಿನ್ನ ಸಲುವಾಗಿ ಅಲ್ಲವ್ವಾ. ಸುಮ್ನಿರು.’ ಮೇಡಂ ಕಟ್ಟೆಯ ಮೇಲೆ ಕೂತು ಕೂಸನ್ನು ಎದುರಿಗೆ ನಿಲ್ಲಿಸಿಕೊಂಡರು.

ಶ್ರಾವಣಿ ತಲೆ ಓರೆ ಮಾಡದೆ, ನೇರವಾಗಿ, ಆ ಎಡಗಣ್ಣೊಂದರಿಂದಲೇ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳು ಚಾಚಿದಳು.

‘ಮೇಡಂ, ನಿಮ್ಮ ಗದ್ದಕ್ಕ ಒಂದು ಕೂದಲಾ ಐತಿ.’

ನಾನು ಗಾಜಿನ ಪೆಟ್ಟಿಗೆಯನ್ನು ಕೆಳಗಿಟ್ಟೆ.

‘ಎಷ್ಟವ ನೋಡು ಬೇ’ ಎಂದರು ಮೇಡಂ. ದನಿ ಸಣ್ಣದಾಗಿತ್ತು.

ಕೂಸು ಇನ್ನಷ್ಟು ಹತ್ತಿರ ಬಾಗಿತು. ‘ಒಂದ. ಅಲ್ಲ, ಎರಡ. ಒಂದು ಬೆಳ್ಳಗೈತಿ.’

ಮೇಡಂ ಗದ್ದ ಮುಟ್ಟಿಕೊಂಡು ಗೀತಕ್ಕನನ್ನು ನೋಡಿದರು. ‘ಕೇಳಿದೇನವಾ? ಇನ್ನೂ ಭಾಳ ದಿನಾ ಹಾಕಬೇಕು. ಈಗ ಬಿಟ್ರ ಗಳಿಸಿದ್ದೂ ಹೋಗ್ತದ. ಏನು ಮಾಡ್ತಿ?’

ಟೆಂಪೋದವನು ಎರಡು ಸಲ ಹಾರ್ನ್ ಹೊಡೆದ. ಗೀತಕ್ಕ ಬಗ್ಗಿ ಮಗಳ ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದಳು.

‘ಹಿಂಗ ಹಾಕ್ಕೊಂಡ ಬಿಜ್ಜರಗಿಗೆ ಹೋಗ್ತೇನ್ರಿ. ಲಕ್ಷ್ಮೀ ಗಿಕ್ಷ್ಮೀ ಅನ್ನೂದಿಲ್ಲ ಈ ಸಲ. ನನ್ನ ಮಗಳಿಗೆ ಕಾಣಬೇಕು ಅಂತೇನಿ. ತಗೀಯವ್ರು ನನ್ನ ಮುಂದ ಬಂದು ತಗೀಲಿ.’