ಚೆಲುವಯ್ಯ ಮತ್ತು ಒಂದು ಔನ್ಸಿನ ಎಳೆತ

ಹುಣಸೂರಿನಲ್ಲಿ ಎತ್ತಿನ ಗಾಡಿ ಕಟ್ಟುತ್ತಿದ್ದ ಬಡಗಿ ಚೆಲುವಯ್ಯನನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಅವನಿಗೆ ಐವತ್ತು ದಾಟಿತ್ತು, ನನಗೆ ಇಪ್ಪತ್ತೈದು. ಈಗ ಬರೆಯುವಾಗ ಬಹುವಚನ ಹಾಕೋಣ ಎನಿಸುತ್ತದೆ. ಆದರೆ ಆಗಿನ ನನ್ನನ್ನು ತಿದ್ದಿ ಬರೆದರೆ ಅದೂ ಒಂದು ಸುಳ್ಳಾದೀತು. ಅವನ ವಿಷಯದಲ್ಲಿ ನಾನು ಹೇಳಿರುವ ಸುಳ್ಳು ಈಗಾಗಲೇ ಸಾಕಷ್ಟಿದೆ.

ಎರಡನೇ ಮಹಾಯುದ್ಧ ಶುರುವಾಗಿ ಒಂದು ವರ್ಷವಾಗಿತ್ತು. ಎಂಜಿನಿಯರಿಂಗ್ ಓದಿ ಮನೆಯಲ್ಲಿ ಕೂತಿದ್ದ ನನಗೆ ವಿಮಾನದ ಹುಚ್ಚು ಹಿಡಿದಿತ್ತು. ಒಬ್ಬನೇ ಕೂರುವ, ಎಂಜಿನ್ ಇಲ್ಲದ ಗ್ಲೈಡರ್ ಒಂದರ ನಕ್ಷೆ ಬರೆದು ಬೆಂಗಳೂರಿನಲ್ಲಿ ವಿಮಾನ ಕಟ್ಟುವವರ ಕಚೇರಿಗೆ ಕಳಿಸಿದ್ದೆ. ನಕ್ಷೆ ಚೆನ್ನಾಗಿದೆ, ಗಾಳಿ ಅದನ್ನು ಎಷ್ಟು ಹಿಂದಕ್ಕೆ ಎಳೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ, ಪ್ರಯೋಗದಿಂದ ತೋರಿಸಿದರೆ ಕೆಲಸ ಕೊಡುವ ಮಾತಾಡಬಹುದು ಎಂದು ಅವರು ಬರೆದರು. ಯುಗಾದಿಯೊಳಗೆ ವರದಿ ತಲುಪಬೇಕಿತ್ತು. ಅಷ್ಟು ಬೇಕು ಎನಿಸಿದ ಕೆಲಸ ನನ್ನ ಜನ್ಮದಲ್ಲಿ ಇನ್ನೊಂದಿರಲಿಲ್ಲ.

ರೆಕ್ಕೆಗೆ ಇಷ್ಟು, ಒಡಲಿಗೆ ಇಷ್ಟು, ಬಾಲಕ್ಕೆ ಇಷ್ಟು ಎಂದು ಭಾಗಭಾಗಕ್ಕೂ ಲೆಕ್ಕ ಹಾಕಿ ಕೂಡಿದೆ. ನಾಲ್ಕಡಿ ಅಗಲದ ಮರದ ಮಾದರಿ ಗಂಟೆಗೆ ನಲವತ್ತು ಮೈಲಿ ವೇಗದಲ್ಲಿ ಹೋದರೆ ಗಾಳಿಯ ಎಳೆತ ಏಳು ಔನ್ಸ್ ಬರಬೇಕು. ಆ ಮಾದರಿ ಮಾಡಿಕೊಟ್ಟವನೇ ಚೆಲುವಯ್ಯ. ಹಾಲೆ ಮರದ ತುಂಡುಗಳನ್ನು ತಂದು, ನಕ್ಷೆಯನ್ನು ಒಂದು ಸಲ ನೋಡಿ, ಆಮೇಲೆ ನಕ್ಷೆಯ ಕಡೆ ತಿರುಗದೆ ಬೆರಳಲ್ಲೇ ಸವರಿ ಸವರಿ ಕೆತ್ತಿದ. ಒಂದು ಕಡೆ ಉಬ್ಬಿದೆ ಎಂದು ನಾನು ತಕರಾರು ತೆಗೆದು ಅಳೆದು ನೋಡಿದರೆ ನನ್ನ ನಕ್ಷೆಯೇ ತಪ್ಪಿರುತ್ತಿತ್ತು. ಆ ಮಾದರಿಯ ನುಣುಪು ಇಂದಿಗೂ ನನ್ನ ಅಂಗೈಗೆ ನೆನಪಿದೆ. ಮುಗಿದ ದಿನ ಅವನು ಒಂದೇ ಪ್ರಶ್ನೆ ಕೇಳಿದ.

“ನಾಳೆ ದೊಡ್ಡದು ಕಟ್ದಾಗ ಇದ್ರೊಳ್ಗೆ ಕೂತ್ಕಳೋರು ಯಾರು ಸ್ವಾಮಿ?”

ನಾನೇ ಎಂದೆ. ಅವನು ಮಾದರಿಯನ್ನು ಇನ್ನೊಮ್ಮೆ ಸವರಿದ.

ಮಾದರಿಯ ಮೇಲೆ ಗಾಳಿ ಹಾಯಿಸಿ ಅಳೆಯುವ ಗಾಳಿಸುರಂಗ ನಮಗೆ ಎಲ್ಲಿ ಸಿಗಬೇಕು? ಅಪ್ಪನ ಹಳೆಯ ಆಸ್ಟಿನ್ ಕಾರೇ ನಮ್ಮ ಪ್ರಯೋಗಶಾಲೆ. ಕಾರಿನ ನೆತ್ತಿಯ ಮೇಲೆ ಕಂಬಿ ನಿಲ್ಲಿಸಿ ಅದರ ತುದಿಗೆ ಮಾದರಿ. ಕಂಬಿಯ ಬುಡದಿಂದ ಒಂದು ದಾರ ಒಳಗೆ ಬಂದು ನನ್ನ ತೊಡೆಯ ಮೇಲಿನ ಸ್ಪ್ರಿಂಗ್ ತಕ್ಕಡಿಗೆ. ಡ್ರೈವರ್ ಗೋವಿಂದಯ್ಯ ಓಡಿಸುವುದು, ನಾನು ತಕ್ಕಡಿ ಓದುವುದು, ಚೆಲುವಯ್ಯ ಮಾದರಿ ಕೂರಿಸಿ ಇಳಿಸುವುದು. ಪಿರಿಯಾಪಟ್ಟಣದ ದಾರಿಯಲ್ಲಿ, ಕಂಪಲಾಪುರಕ್ಕೆ ಮುಂಚೆ ರಸ್ತೆ ನೆಟ್ಟಗಿದ್ದ ಕಡೆ, ಗಾಳಿ ಏಳುವ ಮೊದಲೇ ಬೆಳಿಗ್ಗೆ ಹೋಗುತ್ತಿದ್ದೆವು. ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ. ಬರೀ ಕಂಬಿಯ ಎಳೆತವನ್ನು ಬೇರೆ ಅಳೆದು ಕಳೆಯುವುದು. ಎಮ್ಮೆ ಹೊಡೆದುಕೊಂಡು ಬಂದವರು, ಹೊಗೆಸೊಪ್ಪಿನ ಹೊರೆ ಹೊತ್ತವರು ರಸ್ತೆ ಬದಿ ನಿಂತು ಬಾಯಿ ಬಿಟ್ಟು ನೋಡುತ್ತಿದ್ದರು. ಆಮೇಲೆ ಚೆಲುವಯ್ಯನ ಹೆಂಡತಿ ಕೆಂಪಾಜಮ್ಮ ಕಂಪಲಾಪುರದ ಮನೆಯಿಂದ ತಂದುಕೊಡುತ್ತಿದ್ದ ಬಿಸಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಮರದ ಕೆಳಗೆ ಮೂವರೂ ಕೂತು ತಿನ್ನುತ್ತಿದ್ದ ಆ ಬೆಳಗುಗಳಷ್ಟು ಸುಖ ನನಗೆ ಮುಂದೆ ಯಾವ ಸಂಬಳವೂ ಕೊಡಲಿಲ್ಲ.

ಆದರೆ ತಕ್ಕಡಿ ಏಳು ತೋರಿಸಲಿಲ್ಲ, ಎಂಟು ತೋರಿಸಿತು. ಮರುದಿನವೂ ಎಂಟು, ವಾರವಿಡೀ ಎಂಟು. ಕಂಬಿ ಬದಲಾಯಿಸಿದೆ, ತಕ್ಕಡಿ ಬದಲಾಯಿಸಿದೆ, ಲೆಕ್ಕವನ್ನು ಹನ್ನೊಂದು ಸಲ ಹೊಸದಾಗಿ ಹಾಕಿದೆ. ಎಲ್ಲೋ ತಪ್ಪಿದ್ದೇನೆ ಎಂಬುದು ಖಚಿತ, ಎಲ್ಲಿ ಎಂಬುದು ಹೊಳೆಯದು. ಊಟ ಸೇರದಾಯಿತು. ಯುಗಾದಿಗೆ ಐದು ದಿನ ಇದ್ದಾಗ, ವಿಮಾನದ ಸಹವಾಸವೇ ಬೇಡ ಎಂದು ಬೆಂಗಳೂರಿಗೆ ಕಾಗದ ಬರೆದು ಜೇಬಿನಲ್ಲಿಟ್ಟುಕೊಂಡೆ. ರಸ್ತೆ ಬದಿಯಲ್ಲಿ ಚೆಲುವಯ್ಯನಿಗೂ ಗೋವಿಂದಯ್ಯನಿಗೂ ಹಾಗೆಂದು ಹೇಳಿದೆ.

ಚೆಲುವಯ್ಯ ಸೊಂಟದ ಪಂಚೆಯ ಮಡಿಕೆಗೆ ಕೈ ಹಾಕಿ ಏನನ್ನೋ ತೆಗೆದ. ಎರಡು ಬೆರಳಗಲದ ಹಳೇ ಚಪ್ಪಲಿಯ ತುಂಡು, ತುದಿಯಲ್ಲೊಂದು ಕರಿ ದಾರ.

“ತಪ್ಪು ನಿಮ್ ಲೆಕ್ಕದ್ದಲ್ಲ ಕಣ್ ಸ್ವಾಮಿ, ನಂದು. ಒಸ ಗಾಡಿಗೆ ಕಣ್ಣಾಗ್ಬಾರ್ದು ಅಂತ ಎಕ್ಕಡ ಕಟ್ಟಾಕಿಲ್ವಾ, ಅಂಗೇ ಇದರ ಒಟ್ಟೆ ಕೆಳ್ಗೂ ಕಟ್ತಿದ್ದೆ. ಇಳಿಸೋವಾಗ ಬಿಚ್ಕೋತಿದ್ದೆ, ನೀವು ನಗ್ತೀರಿ ಅಂತ. ಕೂತ್ಕಂಡು ಆರೋರು ನೀವೇ ಅಂದ್ರಲ್ಲ, ಅದ್ಕೇ ಕಟ್ದೆ.”

ನಾನು ನಗಲಿಲ್ಲ. ಗೋವಿಂದಯ್ಯನ ಎದುರಿಗೇ ಬಾಯಿಗೆ ಬಂದಂತೆ ಬೈದೆ. ಬುದ್ಧಿಯಿಲ್ಲದವನೇ ಎಂದೆ, ಇನ್ನೂ ಕೆಟ್ಟದ್ದನ್ನೂ ಅಂದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಆ ತುಂಡನ್ನು ಬೇಲಿಯಾಚೆ ಎಸೆದು, ಮಾದರಿಯನ್ನು ಮತ್ತೆ ಕಂಬಿಗೆ ಕೂರಿಸಿದ. ಕಾರು ಓಡಿತು. ತಕ್ಕಡಿಯ ಮುಳ್ಳು ಏಳರ ಮೇಲೆ ಬಂದು ನಿಂತಿತು. ಬರುವಾಗಲೂ ಏಳು. ನಾನು ಕಾರಿನಿಂದ ಹಾರಿ ಇಳಿದು ಅವನನ್ನು ತಬ್ಬಿಕೊಂಡೆ, ಬೈದದ್ದು ಅಷ್ಟಕ್ಕೇ ತೀರಿತು ಎಂದುಕೊಂಡೆ.

ಮುಂದಿನ ಮೂರು ದಿನ ಬೆಳಗ್ಗೆ ಓಡಿಸಿ, ಸಂಜೆ ವರದಿ ಬರೆದೆ. ಒಂದು ವಾರ ಎಂಟು ಬಂದದ್ದೇಕೆ ಎಂಬುದಕ್ಕೆ ಕಾರಣ ಕೊಡಬೇಕಿತ್ತು. ಚಪ್ಪಲಿಯ ತುಂಡು ಎಂದು ಬರೆದರೆ ಬೆಂಗಳೂರಿನ ಸಾಹೇಬರು ನಕ್ಕು ವರದಿಯನ್ನೇ ಬಿಸಾಡಿಯಾರು ಎಂದು ಹೆದರಿದೆ. “ಮೊದಲ ವಾರದ ಅಳತೆಗಳು ಬಡಗಿಯ ಅಜಾಗರೂಕತೆಯಿಂದ ಕೆಟ್ಟವು” ಎಂದು ಬರೆದೆ. ಅವನ ಹೆಸರು ಎಲ್ಲಿಯೂ ಹಾಕಲಿಲ್ಲ. ನಂಜುಂಡಸ್ವಾಮಿ ಎಂಬ ನನ್ನ ಹೆಸರು ಮಾತ್ರ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿತ್ತು.

ಲಕೋಟೆ ಅಂಟಿಸುವಾಗ ಚೆಲುವಯ್ಯ ಬಂದ. ಅದರೊಳಗೆ ತನ್ನ ಹೆಸರೂ ಇದೆಯೇ ಎಂದು ಸಂಕೋಚದಿಂದ ಕೇಳಿದ. ಇದೆ ಎಂದೆ. ಏನಂತ ಬರೆದಿದ್ದೀರಿ ಎಂದ. ಮಾದರಿ ಕೆತ್ತಿದವರು ಹುಣಸೂರಿನ ಚೆಲುವಯ್ಯನವರು ಅಂತ ಎಂದೆ. ಸುಳ್ಳಿನೊಳಗೆ ಮಾತ್ರ ಅವನಿಗೆ ಬಹುವಚನ ಕೊಟ್ಟೆ.

ಕೆಲಸ ಸಿಕ್ಕಿತು. ಗ್ಲೈಡರನ್ನು ಯಾರೂ ಕಟ್ಟಲಿಲ್ಲ, ನಾನು ಹಾರಲೂ ಇಲ್ಲ. ಬೇರೆಯವರ ವಿಮಾನಗಳಿಗೆ ಗಾಳಿಯ ಎಳೆತ ಲೆಕ್ಕ ಹಾಕುತ್ತ ಮೂವತ್ತು ವರ್ಷ ಕಳೆದೆ. ನಿವೃತ್ತನಾದ ಮೇಲೆ ಒಮ್ಮೆ ಕಂಪಲಾಪುರಕ್ಕೆ ಹೋದೆ. ಚೆಲುವಯ್ಯ ತೀರಿಕೊಂಡು ಬಹಳ ಕಾಲವಾಗಿತ್ತು. ಕೆಂಪಾಜಮ್ಮ ಇದ್ದರು. ಕಣ್ಣು ಮಂಜಾಗಿತ್ತು, ದನಿಯಿಂದಲೇ ನನ್ನ ಗುರುತು ಹಿಡಿದು ಜಗುಲಿಯ ಮೇಲೆ ಕೂರಿಸಿ ರೊಟ್ಟಿ ಕೊಟ್ಟರು.

“ಸಾಯೋಗಂಟ ಅದ್ನೇ ಯೋಳ್ತಿದ್ರು ಕಣ್ ಸ್ವಾಮಿ, ಇಮಾನದ ಕಾಗ್ದದಲ್ಲಿ ನನ್ ಎಸ್ರು ಅದೆ ಅಂತ. ಆ ಕಾಗ್ದ ನಿಮ್ತಾವ್ ಅದಾ? ನಮ್ ಮೊಮ್ಮಗಳು ಓದ್ತಾಳೆ, ಅವ್ಳಿಗೊಂದ್ಸಲ ತೋರ್ಸಿ.”

ವರದಿಯ ಪ್ರತಿ ನನ್ನ ಪೆಟ್ಟಿಗೆಯಲ್ಲೇ ಇತ್ತು, ಇವತ್ತಿಗೂ ಇದೆ. ಕಳೆದುಹೋಗಿದೆಯಮ್ಮ ಎಂದು ಹೇಳಿ, ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದೆ.