ಮೇಷ್ಟ್ರ ಗ್ರಹಣದ ಪಾಠಕ್ಕೆ ನಾನು ಸ್ಲೈಡ್ ಮಾಡಿದ್ದು

ನಮ್ಮ ಯಜಮಾನರು ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು. ಲಕ್ವ ಹೊಡೆದ ಮೇಲೆ ಅವರ ಬಲಗೈ ಏಳದಂತಾಯಿತು, ನಾಲಿಗೆ ತೊಡರತೊಡಗಿತು. ಕೈಯ ಬಗ್ಗೆ ಅವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ರೂಢಿ ಮಾಡಿಕೊಂಡರು. ನಾಲಿಗೆಯದೇ ಸಂಕಟ. ಜೀವಮಾನವೆಲ್ಲ ಮಾತಾಡಿಯೇ ಸಂಬಳ ತಂದ ಮನುಷ್ಯ. ಒಂದು ಪದ ಸಿಕ್ಕಿಕೊಂಡರೆ ಸಾಕು, ಬಾಯಿ ಮುಚ್ಚಿ ಸುಮ್ಮನೆ ಕೂತುಬಿಡುತ್ತಿದ್ದರು. ಅವರ ಮಾತು ಪೂರ್ತಿ ತಿಳಿಯುತ್ತಿದ್ದುದು ನನಗೊಬ್ಬಳಿಗೆ. ಮನೆಗೆ ಬಂದವರಿಗೆ ನಾನೇ ಬಿಡಿಸಿ ಹೇಳಬೇಕಿತ್ತು.

ಹೀಗಿರುವಾಗ ಕಂದಿಕೆರೆ ಕಡೆ ಅವರು ಬಹಳ ಕಾಲ ಪಾಠ ಮಾಡಿದ ಶಾಲೆಯ ಹಳೇ ಹುಡುಗರು ಮನೆಗೆ ಬಂದರು. ಹುಡುಗರೆಂದರೆ ತಲೆ ಬೋಳಾದವರು, ಮೊಮ್ಮಕ್ಕಳಿರುವವರು. ಮೇಷ್ಟ್ರು ಬಂದು ಒಂದು ಪಾಠ ಮಾಡಬೇಕು, ಗ್ರಹಣದ ಪಾಠವೇ ಆಗಬೇಕು, ನಾವೆಲ್ಲ ಮತ್ತೆ ಬೆಂಚಿನ ಮೇಲೆ ಕೂರುತ್ತೇವೆ ಎಂದರು. ಇವರು ಆಗುವುದಿಲ್ಲವೆಂದು ತಲೆ ಆಡಿಸಿದರು. ಬಂದವರು ಎದ್ದು ಹೋದ ಮೇಲೆ ಯಾಕೆ ಎಂದು ಕೇಳಿದೆ.

"ಅವರು ಪಾಠ ಕೇಳಕ್ಕೆ ಕರೀತಿಲ್ಲ ಕಣೇ. ಅಯ್ಯೋ ಪಾಪ ಅನ್ನಕ್ಕೆ ಕರೀತಾವ್ರೆ."

ವಿಷಯ ತಿಳಿದು ತುಮಕೂರಿನಲ್ಲಿರುವ ಮಗಳು ತನ್ನ ಹಳೇ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಳು. ಜೊತೆಗೆ ಒಂದು ದಪ್ಪ ಪುಸ್ತಕ, ಕಂಪ್ಯೂಟರಿನಲ್ಲಿ ಪ್ರೆಸೆಂಟೇಶನ್ ಮಾಡುವುದನ್ನು ಕನ್ನಡದಲ್ಲೇ ಹೇಳಿಕೊಡುವಂಥದ್ದು. ಪದ ಸಿಕ್ಕಿಕೊಂಡರೂ ಶಾಲೆಯ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿದ್ದು ಎಲ್ಲರಿಗೂ ಕಾಣುತ್ತದಲ್ಲ ಎಂದು ಅಪ್ಪನಿಗೆ ಹೇಳಿದಳು. ಇವರು ಹೂಂ ಎನ್ನಲಿಲ್ಲ. ಆದರೆ ಸಂಜೆ ನೋಡುತ್ತೇನೆ, ಪುಸ್ತಕ ಅವರ ತೊಡೆಯ ಮೇಲಿತ್ತು. ಮಗಳು ಕೀಲಿಗಳಿಗೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿ ಹೊರಟುಹೋದಳು. ಕೆಲಸ ನನ್ನ ಕುತ್ತಿಗೆಗೆ ಬಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಬರುತ್ತದೆ, ಬೇಗ ಬರುವುದಿಲ್ಲ. ಮಧ್ಯಾಹ್ನ ಉಂಡು, ದನಕ್ಕೆ ನೀರು ಕುಡಿಸಿ, ಪಡಸಾಲೆಯ ಮೇಜಿನ ಮುಂದೆ ಕೂರುತ್ತಿದ್ದೆವು. ಕಾಯಿ ಸುಲಿಯುವವರು ಬಂದ ದಿನ ಮಾತ್ರ ರಜೆ. ಅವರು ಪುಸ್ತಕ ಓದಿ ಹೇಳುವುದು, ನಾನು ಒತ್ತುವುದು. ಏನೋ ಒತ್ತಿ ಬರೆದದ್ದೆಲ್ಲ ಮಾಯವಾದರೆ ಅದನ್ನು ವಾಪಸ್ಸು ತರುವ ಬಾಣದ ಗುರುತನ್ನು ಮೊದಲು ಕಲಿತೆ. ಅಲ್ಲಿಂದ ಮುಂದೆ ಭಯ ಹೋಯಿತು.

ಗ್ರಹಣವೆಂದರೆ ಸೂರ್ಯ, ಭೂಮಿ, ಚಂದ್ರ ಬೇಕು. ನಾನು ಮೌಸ್ ಎಳೆದರೆ ಸೂರ್ಯ ಒಂದು ಕಡೆ ಉದ್ದವಾಗಿಬಿಡುತ್ತಿದ್ದ.

"ಇದು ಸೂರ್ಯ ಅಲ್ಲ ಕಣೇ, ಎಳನೀರು," ಎಂದರು.

"ತಿಪಟೂರು ಸೀಮೇಲಿ ಸೂರ್ಯ ಹಿಂಗೇ ಹುಟ್ತಾನೆ ಬುಡಿ."

ಶಿಫ್ಟ್ ಎನ್ನುವ ಕೀಲಿಯನ್ನು ಒತ್ತಿ ಹಿಡಿದೇ ಎಳೆಯಬೇಕು, ಆಗ ಗುಂಡಗೆ ಬರುತ್ತದೆ ಎಂದು ಪುಸ್ತಕದಲ್ಲಿತ್ತು. ನನಗೋ, ಒಂದು ಕೈ ಒತ್ತಿದರೆ ಇನ್ನೊಂದು ಕೈ ಎಳೆಯುವುದನ್ನು ಮರೆಯುತ್ತಿತ್ತು. ನೋಡಿ ನೋಡಿ ಸಾಕಾಗಿ ಅವರು ಪುಸ್ತಕ ಬದಿಗಿಟ್ಟು ಕುರ್ಚಿ ಹತ್ತಿರಕ್ಕೆ ಜರುಗಿಸಿಕೊಂಡರು. ಎಡಗೈ ಬೆರಳನ್ನು ಶಿಫ್ಟ್ ಮೇಲೆ ಊರಿದರು. ನಾನು ಎಳೆದೆ. ಸೂರ್ಯ ಗುಂಡಗೆ ಬಂದ. ಭೂಮಿಯೂ ಚಂದ್ರನೂ ಹಾಗೇ ಬಂದರು. ಇಷ್ಟು ವರ್ಷದ ಸಂಸಾರದಲ್ಲಿ ಜಗಳವಿಲ್ಲದೆ ಇಬ್ಬರೂ ಸೇರಿ ಮುಗಿಸಿದ ಕೆಲಸ ಇದೊಂದೇ ಇರಬೇಕು.

ಜಗಳ ಆಮೇಲೆ ಬಂತು. ನಾಲಿಗೆಯನ್ನು ನಂಬಲಾಗದೆ ಅವರು ಇಡೀ ಪಾಠವನ್ನೇ ಸ್ಲೈಡಿನ ಮೇಲೆ ಬರೆಸಲು ಹೊರಟರು. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ನನಗೆ ರೇಗಿತು.

"ಎಲ್ಲಾ ಗೋಡೆ ಮೇಲೇ ಇದ್ರೆ ನೀವ್ಯಾಕೆ ಅಲ್ಲಿ? ಗೋಡೆಗೇ ಹಾರ ಹಾಕಿ ಕಳಿಸ್ತಾರೆ."

ಅವರು ಅವತ್ತು ಕಾಫಿ ಕುಡಿಯಲಿಲ್ಲ. ಮಾರನೇ ದಿನ ತಾವಾಗಿಯೇ ಪುಸ್ತಕದಲ್ಲಿ ಇನ್ನೊಂದು ಪಾಠ ತೆಗೆದು ಮುಂದಿಟ್ಟರು. ಒತ್ತಿದಾಗ ಮಾತ್ರ ಪದ ಕಾಣಿಸಿಕೊಳ್ಳುವ ಹಾಗೆ ಮಾಡಬಹುದಂತೆ. ಹಾಗಾದರೆ ಒಂದೊಂದು ವಾಕ್ಯದ ಮುಖ್ಯ ಪದವನ್ನು ಅಡಗಿಸಿಡುವುದು, ಅವರ ನಾಲಿಗೆ ನಿಂತ ಕಡೆ ನಾನು ಒತ್ತುವುದು ಎಂದು ಒಪ್ಪಂದವಾಯಿತು. ಅವತ್ತೇ ಫೋನ್ ಮಾಡಿಸಿ ಬರುತ್ತೇನೆಂದು ಹೇಳಿಸಿದರು.

ಆ ದಿನ ಶಾಲೆಯ ಕೋಣೆಯಲ್ಲಿ ದೊಡ್ಡ ದೊಡ್ಡ ಗಂಡಸರು, ಹೆಂಗಸರು ಚಿಕ್ಕ ಬೆಂಚುಗಳಲ್ಲಿ ಮಂಡಿ ಮಡಿಸಿಕೊಂಡು ಕೂತಿದ್ದರು. ಇವರು ಮೇಜಿನ ಅಂಚು ಹಿಡಿದು ನಿಂತರು. ನಾನು ಲ್ಯಾಪ್‌ಟಾಪಿನ ಮುಂದೆ. ಮೊದಲು ಸ್ವಲ್ಪ ಹೊತ್ತು ಮಾತು ಸಲೀಸಾಗಿ ಬಂತು.

"ಸೂರ್ಯಂಗೂ ಚಂದ್ರಂಗೂ ಮಧ್ಯೆ ಬರೋದು..."

ಅಲ್ಲಿ ನಿಂತರು. ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು. ಗಾಬರಿಯಲ್ಲಿ ನನ್ನ ಬೆರಳಿಗೆ ಕೀಲಿ ಸಿಗಲಿಲ್ಲ.

"ಭೂಮಿ," ಎಂದು ಬೆಂಚುಗಳೆಲ್ಲ ಒಟ್ಟಿಗೆ ಹೇಳಿದವು.

ನಾನು ಅವರ ಕ್ಲಾಸಿನಲ್ಲಿ ಯಾವತ್ತೂ ಕೂತವಳಲ್ಲ, ನನಗೇನು ಗೊತ್ತು. ವಾಕ್ಯದ ಕೊನೆಯ ಪದವನ್ನು ಬಿಟ್ಟು ಮಕ್ಕಳ ಕೈಲಿ ಹೇಳಿಸುವುದೇ ಅವರು ಪಾಠ ಮಾಡುತ್ತಿದ್ದ ರೀತಿಯಂತೆ. ಮೇಷ್ಟ್ರು ಅದಕ್ಕೇ ನಿಲ್ಲಿಸಿದರೆಂದು ತಿಳಿದು ಬೆಂಚಿನವರೆಲ್ಲ ಉತ್ತರ ಕೊಟ್ಟಿದ್ದರು. ಯಜಮಾನರು ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಬೆಂಚುಗಳ ಕಡೆ ತಿರುಗಿದರು. ಮತ್ತೆ ನನ್ನ ಕಡೆ ನೋಡಲೇ ಇಲ್ಲ. ನೆರಳು ಬೀಳುವುದು ಎಲ್ಲಿ ಎಂದು ನಿಲ್ಲಿಸಿದರು. ಹಿಂದಿನ ಸಾಲಿನ ಒಬ್ಬಾಕೆ ಸೂರ್ಯನ ಮೇಲೆ ಎಂದಳು.

"ನೀನು ಆವಾಗ್ಲೂ ಹಿಂಗೇ ಅಂದಿದ್ದೆ ಕಣಮ್ಮ," ಎಂದರು. ಕೋಣೆಯೆಲ್ಲ ನಕ್ಕಿತು. ಏನು ಹೇಳಿದರೆಂದು ಯಾರೂ ನನ್ನನ್ನು ಕೇಳಲಿಲ್ಲ.

ಅವರೆಲ್ಲ ಪದ ಹೇಳಿದ ಮೇಲೆ ನಾನು ಒತ್ತುತ್ತಾ ಹೋದೆ. ಕೊನೆಕೊನೆಗೆ ಯಾವುದು ಲಕ್ವ ನಿಲ್ಲಿಸಿದ್ದು, ಯಾವುದು ಮೇಷ್ಟ್ರು ನಿಲ್ಲಿಸಿದ್ದು ಎಂದು ನನಗೂ ತಿಳಿಯಲಿಲ್ಲ.

ಹಳೇ ಹುಡುಗರು ಕಾರಿನಲ್ಲಿ ಬಿಡುತ್ತೇವೆ ಎಂದರೂ ಇವರು ಕೇಳದೆ ಸರ್ಕಾರಿ ಬಸ್ಸು ಹತ್ತಿದರು. ನಿಜವಾಗಿ ಎಲ್ಲೆಲ್ಲಿ ಸಿಕ್ಕಿಕೊಂಡಿತು ಎಂದು ಕೇಳಿದೆ.

"ನಿಂಗೆ ಗೊತ್ತಾಗ್ಲಿಲ್ವ?"

"ಇಲ್ಲ."

"ಹಂಗಾದ್ರೆ ಹೇಳಲ್ಲ ಬುಡು."

ಕಂಡಕ್ಟರ್ ಬಂದ. ಎಂದಿನಂತೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಶೆಟ್ಟಿಕೆರೆ ಎಂದು ನಮ್ಮೂರಿನ ಹೆಸರು ಹೇಳಿದರು. ಅವನಿಗೆ ತಿಳಿಯಲಿಲ್ಲ, ಏನಂದ್ರಿ ಎಂದ. ಇವರು ಸಾವಕಾಶವಾಗಿ ಇನ್ನೊಂದು ಸಲ ಹೇಳಿದರು.

"ಒಂದು ಶೆಟ್ಟಿಕೆರೆ ಕಣಪ್ಪ. ಇವಳ್ದು ಫ್ರೀ."