ಮುರಿಯದ ಪಿನ್ನು

ನನ್ನ ಅಣ್ಣ ಕೂತು ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ಲೋಟ ಹಿಡಿದು ಬಾಗಿಲಿಗೆ ಹೋಗುತ್ತಾನೆ, ಕಿಟಕಿಗೆ ಬರುತ್ತಾನೆ, ನಡುವೆ ನನ್ನ ಹೊಲಿಗೆ ಮಷೀನಿನ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿ, ಇದಕ್ಕೆ ಎಣ್ಣೆ ಯಾವಾಗ ಹಾಕಿದ್ದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ಬಾಗಿಲಿಗೆ ಹೋಗುತ್ತಾನೆ. ಒಮ್ಮೆ ಕ್ಷೌರದಂಗಡಿಯಲ್ಲಿ ಅರ್ಧ ತಲೆ ಆಗಿದ್ದಾಗಲೇ ಎದ್ದು ಹೋಗಿ, ಎದುರು ರಸ್ತೆಯಲ್ಲಿ ಸ್ಟಾರ್ಟ್ ಆಗದೆ ನಿಂತಿದ್ದ ಯಾರದೋ ಸ್ಕೂಟರ್ ಸರಿಮಾಡಿ ಬಂದವನು ಅವನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ ಎಂದು ಅಮ್ಮ ಹೇಳುತ್ತಿದ್ದಳು. ಹೆಮ್ಮೆಯಿಂದ ಹೇಳುತ್ತಿದ್ದಳೋ ಸಾಕಾಗಿ ಹೇಳುತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಿಂತ ಯಂತ್ರ ಕಂಡರೆ ಅವನ ಮೈಮೇಲೆ ಇರುವೆ ಹರಿದಂತಾಗುತ್ತದೆ. ಊರಿನ ದೊಡ್ಡ ಉದ್ಯಾನದ ರಿಪೇರಿ ಶೆಡ್ಡಿನಲ್ಲಿ ಮೂವತ್ತೆರಡು ವರ್ಷ ಮೇಸ್ತ್ರಿಯಾಗಿದ್ದ. ಅಷ್ಟು ವರ್ಷಗಳಲ್ಲಿ ಅವನ ಉಸ್ತುವಾರಿಯಲ್ಲಿ ನಿಂತು, ಮತ್ತೆ ಓಡದೇ ಹೋದದ್ದು ಒಂದೇ ಒಂದು. ಹುಲ್ಲು ಕತ್ತರಿಸುವ ಸಣ್ಣ ಟ್ರ್ಯಾಕ್ಟರ್ ಅದು. ನಾವು ಹುಟ್ಟುವುದಕ್ಕೂ ಮುಂಚಿನದು, ಹಸಿರು ಬಣ್ಣ, ಒಂದೇ ಸಿಲಿಂಡರು, ತಗಡಿನ ಸೀಟು. ಅದನ್ನು ಓಡಿಸುತ್ತಿದ್ದವರು ನಮ್ಮ ಮನೆಯವರು.

ಮದುವೆಗೆ ಮುಂಚೆ ಅವರಿಬ್ಬರೂ ಗೆಳೆಯರು. ಇವರು ಮೊದಲ ಸಲ ನಮ್ಮ ಮನೆಗೆ ಬಂದ ದಿನ ಇಬ್ಬರೂ ಹಜಾರದಲ್ಲಿ ಒಂದು ಗಂಟೆ ಆ ಟ್ರ್ಯಾಕ್ಟರಿನ ಕಾರ್ಬ್ಯುರೇಟರ್ ಬಗ್ಗೆ ಮಾತಾಡಿದರು. ನಾನು ಎರಡು ಸಲ ನೀರು ತಂದುಕೊಟ್ಟದ್ದು ಇವರ ಗಮನಕ್ಕೇ ಬಂದಿರಲಿಲ್ಲ. ಮದುವೆಯಾದ ಮೇಲೆ ಒಬ್ಬರಿಗೊಬ್ಬರು ಭಾವ, ಭಾವ ಎಂದುಕೊಂಡು ಓಡಾಡಿದ್ದೇ ಓಡಾಡಿದ್ದು. ನನಗೆ ಗಂಡ ಸಿಕ್ಕನೋ ಅಣ್ಣನಿಗೆ ಜೊತೆ ಸಿಕ್ಕಿತೋ ಎಂದು ಅತ್ತಿಗೆ ನಗುತ್ತಿದ್ದಳು.

ಇದೆಲ್ಲ ಒಂದೇ ಬೆಳಿಗ್ಗೆ ಕೆಟ್ಟುಹೋಯಿತು. ಹನ್ನೊಂದು ವರ್ಷದ ಹಿಂದೆ, ಮಳೆ ನಿಂತ ವಾರ, ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಟ್ರ್ಯಾಕ್ಟರಿನ ಬ್ಲೇಡು ಹುಲ್ಲಿನೊಳಗಿದ್ದ ಕಲ್ಲಿಗೆ ಬಡಿಯಿತು. ಗೇರ್‌ಬಾಕ್ಸಿನ ಹಲ್ಲು ಮುರಿದ ಸದ್ದು ಗೇಟಿನವರೆಗೂ ಕೇಳಿಸಿತಂತೆ. ಆಗಿನ ಮೇಲ್ವಿಚಾರಕ ಬಂದು, ಆ ಕಲ್ಲನ್ನು ಕೈಯಲ್ಲಿ ಎತ್ತಿ ಹಿಡಿದು, ಎಲ್ಲರೆದುರು, ಇಷ್ಟು ದೊಡ್ಡದು ಕಣ್ಣಿಗೆ ಕಾಣಲಿಲ್ಲವೇ ಎಂದು ಕೇಳಿದ. ಕೇಳಿದ್ದು ಒಂದೇ ಮಾತು. ಆದರೆ ಯಂತ್ರ ಕೊಂದವನು ಎಂಬ ಹೆಸರು ಅವತ್ತೇ ಇವರ ಹೆಗಲೇರಿತು. ಟ್ರ್ಯಾಕ್ಟರನ್ನು ಶೆಡ್ಡಿನ ಹಿಂದಕ್ಕೆ ಎಳೆದು ಟಾರ್ಪಾಲು ಹೊದಿಸಿದರು. ಹೊಸ ಯಂತ್ರ ಬಂತು, ಅದಕ್ಕೆ ಹೊಸ ಡ್ರೈವರ್ ಬಂದ. ಇವರ ಕೈಗೆ ನೀರಿನ ಪೈಪು ಬಂತು. ಹಳೆಯದನ್ನು ಬಿಚ್ಚಿ ಕೂರಬೇಡ, ಹೊಸದು ಬರುತ್ತದೆ ಎಂದು ಮೇಲ್ವಿಚಾರಕ ಹೇಳಿದ್ದರಿಂದ ಅಣ್ಣ ಅದನ್ನು ತೆರೆಯಲೇ ಇಲ್ಲ.

ಅವತ್ತು ಮನೆಗೆ ಬಂದು ಇವರು ಚಪ್ಪಲಿ ಬಿಡುತ್ತಾ ಹೇಳಿದ್ದು, "ನೋಡ್ಬೇಕಿತ್ತು, ನಾನು ನೋಡ್ಲಿಲ್ಲ" ಎಂದಷ್ಟೇ.

ಹೊಸ ಯಂತ್ರ ಬಂದ ದಿನದಿಂದ ಒಂದು ಕಬ್ಬಿಣದ ಸಲಾಕೆ ಹಿಡಿದರು. ಯಂತ್ರ ಹುಲ್ಲಿಗೆ ಇಳಿಯುವ ಮುಂಚೆ ಇಡೀ ಹುಲ್ಲುಹಾಸನ್ನು, ಸಾಲು ಹಿಡಿದು, ಕಲ್ಲಿದೆಯೇ ಎಂದು ಹೆಜ್ಜೆಗೊಂದು ಸಲ ಚುಚ್ಚಿ ನೋಡುವುದು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಜೊತೆಯವರು ಸಲಾಕೆ ಮೇಷ್ಟ್ರು ಎಂದು ಹೆಸರಿಟ್ಟರು. ನನ್ನ ಬಳಿ ಬಟ್ಟೆ ಹೊಲಿಸಲು ಬಂದವರೂ ಅದೇ ಹೆಸರು ಹೇಳಿ ನಕ್ಕಾಗ ನಾನು ಅವರ ಕುಪ್ಪಸವನ್ನು ಒಂದು ವಾರ ತಡಮಾಡಿ ಕೊಟ್ಟದ್ದುಂಟು. ಅಣ್ಣನನ್ನು ಭಾವ ಎನ್ನುವುದನ್ನೂ ಇವರು ಬಿಟ್ಟರು. ಅವರ ಯಂತ್ರ ಹಾಳು ಮಾಡಿದವನು ಯಾವ ಮುಖ ಇಟ್ಟುಕೊಂಡು ಭಾವ ಎನ್ನಲಿ ಎಂದರು. ಮನೆಗೆ ಬಂದರೆ "ಬನ್ನಿ ಮೇಸ್ತ್ರಿ" ಎನ್ನುವುದು, ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುವುದು. ಅಣ್ಣ ಇನ್ನೂ ಎರಡು ಸುತ್ತು ಹೆಚ್ಚಿಗೆ ಸುತ್ತಿ, ಕಾಫಿ ಅರ್ಧಕ್ಕೇ ಬಿಟ್ಟು ಹೊರಡುವುದು. ಇಬ್ಬರ ನಡುವೆ ಸಿಕ್ಕಿ ನಾನು ಸುಮ್ಮಸುಮ್ಮನೆ ಪಾತ್ರೆ ಕುಕ್ಕುತ್ತಿದ್ದೆ.

ಈ ವರ್ಷ ಶೆಡ್ಡು ಖಾಲಿ ಮಾಡಿಸುವಾಗ ಆ ಟ್ರ್ಯಾಕ್ಟರ್ ಗುಜರಿಗೆ ಹೋಗುತ್ತದೆ ಎಂಬ ಸುದ್ದಿ ಅಣ್ಣನ ಕಿವಿಗೆ ಬಿತ್ತು. ನಿವೃತ್ತನಾಗಿ ಎರಡು ವರ್ಷವಾಗಿದ್ದರೂ ಓಡಿಹೋಗಿ, ಕಾಡಿ ಬೇಡಿ, ಅದನ್ನು ತನ್ನ ಹಿತ್ತಲಿಗೆ ಎಳೆಸಿಕೊಂಡು ಬಂದ. ಇವರು ನಿವೃತ್ತರಾಗುವುದಕ್ಕೆ ಇನ್ನೆರಡು ತಿಂಗಳಿತ್ತು. ಕೊನೆಯ ದಿನ ಇವರನ್ನು ಅದರ ಮೇಲೆ ಕೂರಿಸಿ, ಎಲ್ಲರೆದುರು ಆ ಹುಲ್ಲುಹಾಸಿನ ಮೇಲೆ ಒಂದು ಸುತ್ತು ಓಡಿಸಬೇಕು ಎಂಬುದು ಅಣ್ಣನ ಹಟ. ಯಂತ್ರ ಕೊಂದವನು ಎಂಬ ಹೆಸರು ಹೊತ್ತುಕೊಂಡೇ ಅವರು ಆ ಗೇಟು ದಾಟಬಾರದು ಎಂದ. ಕೇಳಿ ನನಗೆ ಕಣ್ಣು ತುಂಬಿತು. ಇವರಿಗೆ ಹೇಳಿದರೆ ಪೇಪರಿನ ಪುಟ ಮಗುಚಿದರು. ನೋಡಲೂ ಹೋಗಲಿಲ್ಲ.

ಅತ್ತಿಗೆಯ ಮನೆ ಮನೆಯಾಗಿ ಉಳಿಯಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಬೋಲ್ಟು, ಸ್ನಾನದ ಬಕೆಟ್ಟಿನಲ್ಲಿ ಸಾಮಾನು ತೊಳೆಯುವ ಡೀಸೆಲ್, ಊಟದ ಮೇಜಿನ ಮೇಲೆ ಹಳೆ ಪೇಪರು ಹಾಸಿ ಮಲಗಿಸಿದ ಕಾರ್ಬ್ಯುರೇಟರ್. ಒಂದು ಕಡೆಯಿಂದ ಬಿಚ್ಚುತ್ತಾ ಬರುತ್ತಿದ್ದಾರೆ, ಯಾವತ್ತು ನನ್ನ ಸರದಿಯೋ ಎಂದು ಅತ್ತಿಗೆ ಹೇಳಿದಳು. ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಸುರಿದು ಒಂದು ವಾರ ಮುಟ್ಟದೆ ಬಿಡಬೇಕು ಎಂದು ಅವನೇ ಹೇಳಿದ, ಅವನೇ ಗಂಟೆಗೊಮ್ಮೆ ಎದ್ದುಹೋಗಿ ಅಲುಗಾಡಿಸಿ ನೋಡಿದ. ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕು ಬಿಡಿಸುವುದಕ್ಕೆ ಅದರಲ್ಲಿ ಒಂದು ಹಿಡಿ ನಟ್ಟು ಹಾಕಿ, ಎದೆಗವಚಿಕೊಂಡು ಗಲಗಲ ಅಲ್ಲಾಡಿಸುತ್ತಾ ಬೀದಿಯ ಈ ತುದಿಯಿಂದ ಆ ತುದಿಗೆ ಮೂರು ದಿನ ನಡೆದ. ಅವನ ಚಡಪಡಿಕೆ ಜೀವಮಾನದಲ್ಲಿ ಒಮ್ಮೆಯಾದರೂ ಉಪಯೋಗಕ್ಕೆ ಬಂತಲ್ಲ ಎಂದುಕೊಂಡೆ. ನಾಲ್ಕನೇ ವಾರ ಎಂಜಿನ್ನು ಹೊಗೆಯುಗುಳಿ ಕೆಮ್ಮಿತು, ಐದನೇ ವಾರ ಓಡಿತು. ಗೇರ್‌ಬಾಕ್ಸನ್ನು ಮಾತ್ರ ಅವನು ನಾಳೆ ನಾಳೆ ಎಂದು ತಳ್ಳುತ್ತಲೇ ಇದ್ದ. ಯಾಕೆಂದು ಕೇಳಿದರೆ ಅದು ದೊಡ್ಡ ಕೆಲಸ ಎನ್ನುತ್ತಿದ್ದ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಕಣ್ಣು ಮಂಜು, ನೀನು ಬಂದು ಟಾರ್ಚ್ ಹಿಡಿ ಎಂದು ಕರೆದ. ಗೇರ್‌ಬಾಕ್ಸಿನಿಂದ ಬ್ಲೇಡಿಗೆ ಒಂದು ಶಾಫ್ಟು ಹೋಗುತ್ತದೆ. ಎರಡೂ ಸೇರುವ ಕಡೆ ಕಿರುಬೆರಳಿಗಿಂತ ಸಣ್ಣ ಒಂದು ಪಿನ್ನು. ಮೊದಲು ಅದನ್ನು ತೆಗೆಯಬೇಕು ಎಂದ. ಸುತ್ತಿಗೆಯಿಂದ ಬಡಿದ, ಬರಲಿಲ್ಲ. ಎಣ್ಣೆ ಬಿಟ್ಟು ಬಡಿದ. ಹತ್ತೋ ಹನ್ನೆರಡೋ ಏಟಿಗೆ ಪಿನ್ನು ಕಲ್ಲುಚಪ್ಪಡಿಯ ಮೇಲೆ ಟಿಣ್ಣೆಂದು ಬಿತ್ತು. ಎತ್ತಿಕೊಂಡು ಸೆರಗಿನಿಂದ ಒರೆಸಿದೆ. ದಿನವಿಡೀ ಸೂಜಿಯ ಕಣ್ಣು ನೋಡುವವಳು ನಾನು, ಸಣ್ಣ ಅಕ್ಷರ ಬೇಗ ಕಾಣುತ್ತದೆ. ಅದರ ಮೇಲೆ ಅಂಕಿಯೊಂದು ಕೊರೆದಿತ್ತು.

"ಅಣ್ಣಾ, ಪಿನ್ನಿನ ಮೇಲೆ ಎಂಟು ಅಂತ ಯಾಕೆ ಬರೆದಿದೆ?"

ಅವನು ತೆಗೆದುಕೊಂಡು ನೋಡಿದ. ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡಿದ. ಆಮೇಲೆ ನೆಲದ ಮೇಲೆ ಕೂತ. ಕಾಲು ಅಲ್ಲಾಡಿಸದೆ, ಕೈ ಅಲ್ಲಾಡಿಸದೆ ಕೂತ. ನನಗೆ ಹೆದರಿಕೆಯಾಗಿ ಅತ್ತಿಗೆಯನ್ನು ಕೂಗಬೇಕೆಂದಿದ್ದೆ, ಬೇಡ ಎಂದು ಸನ್ನೆ ಮಾಡಿದ.

ಅದು ಪಿನ್ನಲ್ಲ, ಕಬ್ಬಿಣಕ್ಕೆ ತೂತು ಕೊರೆಯುವ ಡ್ರಿಲ್ ಬಿಟ್ಟು ಮುರಿದಾಗ ಉಳಿದ ಹಿಂಬದಿಯ ತುಂಡು ಎಂದ. ಎಂಟು ಮಿಲಿಮೀಟರ್ ಅದರ ಅಳತೆ. ಅಲ್ಲಿ ಇರಬೇಕಾದದ್ದು ಮೆತ್ತನೆ ಕಬ್ಬಿಣದ ಪಿನ್ನು. ಬ್ಲೇಡು ಕಲ್ಲಿಗೋ ಬೇರಿಗೋ ಬಡಿದರೆ ಮೊದಲು ಆ ಪಿನ್ನು ಮುರಿದು, ಮಿಕ್ಕದ್ದೆಲ್ಲ ಉಳಿಯಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಆ ವರ್ಷ ಮಳೆಗೆ ಮಣ್ಣು ಕೊಚ್ಚಿ ಬೇರುಗಳೆಲ್ಲ ಮೇಲೆದ್ದು, ವಾರಕ್ಕೆ ಎರಡು ಮೂರು ಪಿನ್ನು ಮುರಿಯುತ್ತಿದ್ದವಂತೆ. ಪ್ರತಿ ಸಲ ಯಂತ್ರ ಹುಲ್ಲಿನ ನಡುವೆ ನಿಲ್ಲುವುದು, ಇವನು ಸಾಮಾನು ಹಿಡಿದು ಓಡುವುದು. ನಿಂತ ಯಂತ್ರ ನೋಡಲಾಗದೆ, ಒಂದು ದಿನ ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಗ್ರೈಂಡರಿನಲ್ಲಿ ಕತ್ತರಿಸಿ ಕೂರಿಸಿಬಿಟ್ಟ. ಉಕ್ಕು, ಇನ್ನು ಮುರಿಯುವ ಮಾತೇ ಇಲ್ಲ. ಮುರಿಯಲೂ ಇಲ್ಲ. ಗೇರ್‌ಬಾಕ್ಸ್ ಮುರಿಯಿತು.

ಇದರ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಪ್ಪ ಬಟ್ಟೆಗೆ ಸಿಕ್ಕಿ ಸೂಜಿ ಮುರಿದರೆ ಇನ್ನೊಂದು ಸೂಜಿ ಹಾಕಿಕೊಳ್ಳುತ್ತೇನೆ. ಸೂಜಿ ಮುರಿಯದೇ ಹೋದರೆ ಮಷೀನು ಕೆಟ್ಟಿತೆಂದೇ ಲೆಕ್ಕ.

ನಿನಗೆ ಇದು ನೆನಪಿರಲಿಲ್ಲವೇ ಎಂದು ಕೇಳಿದೆ. ಇರಲಿಲ್ಲ ಎಂದ. ಆಮೇಲೆ, ಇರಲಿಲ್ಲ ಅಂತಲೇ ಅನಿಸುತ್ತದೆ ಎಂದ. ಗೇರ್‌ಬಾಕ್ಸಿಗೆ ಕೈ ಹಾಕಲು ಅವನು ಯಾಕೆ ಹಿಂದೇಟು ಹಾಕಿದ ಎಂದು ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ದಿನಾ ಮುಂಜಾನೆ ಕಲ್ಲಿಗೆ ಉಜ್ಜುವ ಸಲಾಕೆಯ ಸದ್ದೊಂದೇ ಇತ್ತು.

ಯಂತ್ರ ಮುಗಿಯಲಿ, ಆಮೇಲೆ ಸಮಯ ನೋಡಿ ಭಾವನಿಗೆ ಹೇಳುತ್ತೇನೆ ಎಂದ. ನನ್ನ ಪಿತ್ತ ನೆತ್ತಿಗೇರಿತು.

"ಅವ್ರಿಗೆ ಒಬ್ರಿಗೇ ಹೇಳಿದ್ರೆ ಆಗಲ್ಲ ಅಣ್ಣ. ಅವ್ರ ಮರ್ಯಾದೆ ಹೋಗಿದ್ದು ಎಲ್ರ ಎದುರಿಗೆ. ಎಲ್ರ ಎದುರಿಗೇ ಹೇಳ್ಬೇಕು. ನೀನು ಹೇಳ್ದೆ ಇದ್ರೆ ನಾನು ಹೇಳ್ತೀನಿ."

ಆಮೇಲಿನ ಮೂರು ವಾರ ನನ್ನ ಶತ್ರುವಿಗೂ ಬೇಡ. ಅಣ್ಣ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಹಳೆಯ ಹಲ್ಲುಚಕ್ರಗಳನ್ನು ತಂದ, ಗೇರ್‌ಬಾಕ್ಸಿನ ಒಡೆದ ಪೆಟ್ಟಿಗೆಗೆ ವೆಲ್ಡಿಂಗ್ ಮಾಡಿಸಿದ, ಈ ಸಲ ಮೆತ್ತನೆ ಪಿನ್ನನ್ನೇ ಕೂರಿಸಿದ. ಸಂಜೆಯಾದರೆ ನಮ್ಮ ಬಾಗಿಲಿಗೆ ಬರುವುದು, "ಭಾವ ಇದ್ದಾರಾ?" ಎಂದು ಕೇಳುವುದು, ಇದ್ದಾರೆ ಎಂದರೆ, ಇರಲಿ ಬಿಡು ಎಂದು ವಾಪಸು ಹೋಗುವುದು. ನನಗೋ, ಊಟಕ್ಕೆ ಕೂತಾಗಲೆಲ್ಲ ಮಾತು ಬಾಯಿಯ ತುದಿಗೆ ಬಂದು ನಿಲ್ಲುತ್ತಿತ್ತು. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ, ಒಂದೇ ವಾರದಲ್ಲಿ ನಾಲ್ಕು ಸೂಜಿ ಮುರಿದೆ. ಇವರು ಎಂದಿನಂತೆ ಮುಂಜಾನೆ ಎದ್ದು, ಸಲಾಕೆಯ ತುದಿಯನ್ನು ಮೆಟ್ಟಿಲ ಕಲ್ಲಿಗೆ ಉಜ್ಜಿ ಚೂಪು ಮಾಡಿ ಹೊರಡುತ್ತಿದ್ದರು. ಅದನ್ನು ಕಿತ್ತು ಬಾವಿಗೆ ಎಸೆಯಬೇಕೆಂದು ಎಷ್ಟು ಸಲ ಅನಿಸಿತೋ. ಹೇಳಲಿಲ್ಲ. ತಪ್ಪು ಅಣ್ಣನದು, ಅವನ ಬಾಯಿಂದಲೇ ಬರಬೇಕು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಹೇಳದೆ ತಪ್ಪಿಸಿಕೊಂಡರೆ ಅವನ ಮನೆಯ ಹೊಸಿಲು ತುಳಿಯುವುದಿಲ್ಲ ಎಂದೂ ನಿಶ್ಚಯ ಮಾಡಿದ್ದೆ.

ಕೊನೆಯ ದಿನ ಬೆಳಿಗ್ಗೆ ನಾನೂ ಉದ್ಯಾನಕ್ಕೆ ಹೋದೆ. ಟ್ರ್ಯಾಕ್ಟರ್ ಹುಲ್ಲುಹಾಸಿನ ಅಂಚಿನಲ್ಲಿ ನಿಂತಿತ್ತು, ಹಸಿರು ಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ತೋಟದ ಕೆಲಸದವರು ಏಳೆಂಟು ಜನ, ಹೊಸ ಯಂತ್ರದ ಡ್ರೈವರ್, ಈಗಿನ ಮೇಲ್ವಿಚಾರಕ, ಎಲ್ಲ ಸೇರಿದ್ದರು. ಇವರು ದೂರದಲ್ಲಿ ತಮ್ಮ ಪಾಡಿಗೆ ಚುಚ್ಚುತ್ತಿದ್ದವರು, ಯಾರೋ ಕರೆದ ಮೇಲೆ ಸಲಾಕೆ ಹಿಡಿದುಕೊಂಡೇ ಬಂದರು. ಅಣ್ಣ ಸ್ಟಾರ್ಟ್ ಮಾಡುವ ಹಗ್ಗ ಎಳೆದ. ಮೂರನೇ ಎಳೆತಕ್ಕೆ ಎಂಜಿನ್ನು ಹೊತ್ತಿಕೊಂಡಿತು. ಕೆಲಸದವರು ಚಪ್ಪಾಳೆ ತಟ್ಟಿದರು. ಇವರು ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ, ಚೆನ್ನಾಗಿ ಮಾಡಿದ್ದೀರಿ ಮೇಸ್ತ್ರಿ ಎಂದರು, ಆದರೆ ಹತ್ತಲಿಲ್ಲ.

ಅಣ್ಣ ನನ್ನ ಕಡೆ ನೋಡಿದ. ನಾನು ನೋಟ ತೆಗೆಯಲಿಲ್ಲ. ಅವನು ಎಂಜಿನ್ನನ್ನು ನಿಲ್ಲಿಸಿಬಿಟ್ಟ. ಓಡುವ ಯಂತ್ರವನ್ನು ಅವನಾಗಿಯೇ ನಿಲ್ಲಿಸಿದ್ದನ್ನು ಅಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಜೇಬಿನಿಂದ ಪಿನ್ನು ತೆಗೆದು ಅಂಗೈ ಮೇಲಿಟ್ಟು ಇವರ ಮುಂದೆ ಹಿಡಿದ. ಎಲ್ಲ ಹೇಳಿದ. ಡ್ರಿಲ್ ಬಿಟ್ಟು, ಗ್ರೈಂಡರು, ತನ್ನ ಆತುರ, ಒಂದೂ ಬಿಡದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಈ ಟ್ರ್ಯಾಕ್ಟರ್ ಕೆಡಿಸಿದ್ದು ನಾನು, ಇವರಲ್ಲ ಎಂದ.

ಇವರು ಪಿನ್ನನ್ನು ತೆಗೆದುಕೊಂಡು ಬೆರಳಿನಲ್ಲಿ ಹೊರಳಿಸಿದರು. ಬಹಳ ಹೊತ್ತು ಹೊರಳಿಸಿದರು.

"ಮೆತ್ತನೆ ಪಿನ್ನು ಇದ್ದಿದ್ರೆ ಏನಾಗ್ತಿತ್ತು?"

"ಅದು ಮುರೀತಿತ್ತು. ಬೇರೆ ಹಾಕ್ತಿದ್ದೆ. ಅರ್ಧ ಗಂಟೆ ಕೆಲಸ ನಿಲ್ತಿತ್ತು, ಅಷ್ಟೆ."

"ಅರ್ಧ ಗಂಟೆ," ಎಂದರು ಇವರು.

ಸಲಾಕೆ ಮೇಷ್ಟ್ರು ಎಂದು ಹೆಸರಿಟ್ಟಿದ್ದ ಮಾಲಿ ತಲೆ ತಗ್ಗಿಸಿ ನಿಂತಿದ್ದ. ಇವರು ಅಣ್ಣನನ್ನು ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೂ ಅನಿಸಿತು, ಬೈಯದಿರಲಿ ಎಂದೂ ಅನಿಸಿತು. ಇವರು ಪಿನ್ನನ್ನು ಜೇಬಿಗೆ ಹಾಕಿಕೊಂಡರು. ಸಲಾಕೆಯನ್ನು ಅಣ್ಣನ ಕೈಗೆ ಕೊಟ್ಟರು.

"ನಾನು ಅರ್ಧ ನೋಡಿದೀನಿ. ಮಿಕ್ಕಿದ್ದು ನೀವು ನೋಡಿ, ನಾನು ಹಿಂದೆ ಬರ್ತೀನಿ."

ಹತ್ತಿ ಕೂತರು. ಡ್ರೈವರ್ ಹಗ್ಗ ಎಳೆದುಕೊಟ್ಟ. ಅಣ್ಣ ಮುಂದೆ, ಟ್ರ್ಯಾಕ್ಟರ್ ಹಿಂದೆ. ಹೆಜ್ಜೆಗೊಂದು ಸಲ ಚುಚ್ಚಬೇಕು, ಒಂದು ಸಾಲು ಮುಗಿದ ಮೇಲೆ ಇನ್ನೊಂದು. ನಡೆಯುವುದೆಂದರೆ ಓಡುವುದು ಎಂದು ತಿಳಿದಿದ್ದ ನನ್ನ ಅಣ್ಣ ಆ ಬಿಸಿಲಿನಲ್ಲಿ ಬಗ್ಗಿ, ಚುಚ್ಚಿ, ಬಗ್ಗಿ, ಚುಚ್ಚಿ ಸಾಗಿದ. ಹಿಂದೆ ಕತ್ತರಿಸಿದ ಹುಲ್ಲು ಸಾಲಾಗಿ ಬೀಳುತ್ತಿತ್ತು. ನಾಲ್ಕನೇ ಸಾಲಿಗೆ ಅವನ ಕಾಲಿಗೆ ಹಳೆಯ ಚಾಳಿ ಬಂತು, ಹೆಜ್ಜೆ ಉದ್ದವಾಯಿತು, ಒಂದು ಕಡೆ ಚುಚ್ಚದೆ ದಾಟಿದ. ಟ್ರ್ಯಾಕ್ಟರ್ ಅಲ್ಲೇ ನಿಂತಿತು. ಎಂಜಿನ್ನಿನ ಸದ್ದಿನ ಮೇಲೆ ಇವರ ದನಿ ನನಗೂ ಕೇಳಿಸಿತು.

"ಭಾವ, ಅಲ್ಲಿ ಬಿಟ್ರಿ."

ಅಣ್ಣ ತಿರುಗಿ ಇವರ ಮುಖವನ್ನೇ ನೋಡಿದ. ಸಲಾಕೆ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡ. ಆಮೇಲೆ ಸಾಲಿನ ತುದಿಗೆ ವಾಪಸು ಹೋಗಿ, ಮೊದಲಿನಿಂದ ಚುಚ್ಚುತ್ತಾ ಬಂದ.